ಸೆರಗು ಬಾಯಿಗೆ ಹೋದಾಗ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಹೆಬ್ಬಾಳದ ಕೆರೆಯ ಕಡೆಯಿಂದ ಬಂದ ಮಂಜು ಗಂಗಾನಗರದ ಅಂಚಿನ ಆ ಹೆಣ್ಣುಮಕ್ಕಳ ಹೈಸ್ಕೂಲಿನ ಹಿಂದಿನ ಬಯಲಲ್ಲಿ ಮೊಣಕಾಲೆತ್ತರಕ್ಕೆ ನಿಂತಿದೆ. ಅದರೊಳಗೆ ಮುನಿಯಲ್ಲಮ್ಮ ಹಿಮ್ಮುಖವಾಗಿ ನಡೆಯುತ್ತಿದ್ದಾರೆ. ಎಡಗಂಕುಳಲ್ಲಿ ಕೊಡ. ಬಲಗೈ ಕೊಡಕ್ಕೆ ಇಳಿಯುತ್ತದೆ, ಮೇಲೆ ಬರುತ್ತದೆ, ಬೆರಳುಗಳ ನಡುವಿನಿಂದ ನೀರು ನೆಲಕ್ಕೆ ಹರಡಿ ಬೀಳುತ್ತದೆ. ಸುರಿದರೆ ಕೆಸರಾಗುತ್ತದೆ, ಬಿಟ್ಟರೆ ಧೂಳೇಳುತ್ತದೆ. ಎಂಬತ್ತು ಅಡಿ ಉದ್ದ, ನಲವತ್ತು ಅಡಿ ಅಗಲದ ಈ ಅಂಗಳಕ್ಕೆ ಹನ್ನೆರಡು ಕೊಡ ನೀರು ಬೇಕು. ಹನ್ನೆರಡನ್ನೂ ಅವರೇ ಬಾವಿಯಿಂದ ಸೇದಿದ್ದಾರೆ. ಅದಕ್ಕೂ ಮುಂಚೆ ಅಮೃತಹಳ್ಳಿಯಿಂದ ನಾಲ್ಕು ಮೈಲಿ ನಡೆದು ಬಂದಿದ್ದಾರೆ.

ನೀರಾದ ಮೇಲೆ ದಾರ. ದಾರದುದ್ದಕ್ಕೂ ಸುಣ್ಣದ ಪುಡಿ. ಗೆರೆಗಳು ಮೂಡುವ ಹೊತ್ತಿಗೆ ಹುಡುಗಿಯರು ಒಬ್ಬೊಬ್ಬರಾಗಿ ಬರುತ್ತಾರೆ, ಲಂಗ ಎತ್ತಿ ಕಟ್ಟಿ, ದಾವಣಿಯ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು. ಇಬ್ಬರು ನೆಟ್ಟು ಕಟ್ಟಲು ನಿಲ್ಲುತ್ತಾರೆ.

"ಲೇ ಸೊಣ್ಣಮ್ಮ, ಬಿಗಿಯಾಗಿ ಎಳ್ದು ಕಟ್ಟೇ. ನಿಮ್ಮಪ್ಪ ಹಸು ಕಟ್ದಂಗೆ ಕಟ್ಟಬ್ಯಾಡ," ಎನ್ನುತ್ತಾರೆ ಮುನಿಯಲ್ಲಮ್ಮ.

"ನಮ್ಮಪ್ಪನ ಹಸು ಯಾವತ್ತೂ ಬಿಚ್ಕೊಂಡಿಲ್ಲ ಆಯಮ್ಮ. ನಿಮ್ಮ ನೆಟ್ಟೇ ದಿನಾ ಬಿಚ್ಕೊಳ್ಳೋದು."

ಆಟ ಬಾಲ್ ಬ್ಯಾಡ್ಮಿಂಟನ್. ಆ ಕಡೆ ಐವರು, ಈ ಕಡೆ ಐವರು, ನಡುವೆ ಹಳದಿ ಉಣ್ಣೆಯ ಚೆಂಡು. ಇಪ್ಪತ್ತೊಂಬತ್ತು ಪಾಯಿಂಟು ಮಾಡಿದವರಿಗೆ ಒಂದು ಗೇಮು. ಎರಡು ಗೇಮು ಗೆದ್ದವರಿಗೆ ಪಂದ್ಯ. ಮುನಿಯಲ್ಲಮ್ಮ ಗೆರೆಯ ಹೊರಗೆ ಕೊಡದ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಾರೆ. ಹುಡುಗಿಯೊಬ್ಬಳು ಸುಲಭದ ಚೆಂಡು ಬಿಡುತ್ತಾಳೆ. ಮುನಿಯಲ್ಲಮ್ಮ ಸೆರಗಿನ ತುದಿ ಹಿಡಿದು ಬಾಯಿಗೆ ಒತ್ತಿಕೊಳ್ಳುತ್ತಾರೆ, ಕಣ್ಣು ಅಗಲ ಮಾಡುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಹುಡುಗಿ ಕೈಗೆಟುಕದ ಚೆಂಡನ್ನು ಬಿದ್ದು ಎತ್ತಿ ಪಾಯಿಂಟು ಗೆಲ್ಲುತ್ತಾಳೆ. ಮುನಿಯಲ್ಲಮ್ಮ ಮತ್ತೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ, ಥೇಟು ಸಾವಿನ ಸುದ್ದಿ ಕೇಳಿದವರ ಹಾಗೆ.

ಹೊಸದಾಗಿ ನೋಡಲು ಬಂದವರು ಗಾಬರಿಯಾಗುತ್ತಾರೆ. ತಂಡದ ಕ್ಯಾಪ್ಟನ್ ಗೌರಮ್ಮನಿಗೆ ಅದು ಅಭ್ಯಾಸವಾಗಿದೆ. "ಏನೂ ಆಗಿಲ್ಲ ಸಾರ್," ಎನ್ನುತ್ತಾಳೆ. "ಅದು ಪ್ರಾಕ್ಟೀಸು."

ಮುನಿಯಲ್ಲಮ್ಮನವರ ಹೆಸರು ಶಾಲೆಯ ಯಾವ ಫಲಕದಲ್ಲೂ ಇಲ್ಲ. ಅವರು ಇಲ್ಲಿ ಆಯಾ. ದಿನಕ್ಕೆ ಎಂಟು ಸಲ ಗಂಟೆ ಹೊಡೆಯುವುದು, ಏಳು ಕೋಣೆ ಗುಡಿಸುವುದು, ನೂರ ನಲವತ್ತು ಹುಡುಗಿಯರಿಗೆ ಕುಡಿಯುವ ನೀರು ತುಂಬಿಡುವುದು, ಹೊಟ್ಟೆನೋವೆಂದು ಅತ್ತವರನ್ನು ಮನೆಗೆ ಮುಟ್ಟಿಸುವುದು ಅವರ ಕೆಲಸ. ಚೆಂಡು ಕಲಿಸುವುದು ಆ ಪಟ್ಟಿಯಲ್ಲಿಲ್ಲ. ಅದಕ್ಕೆ ಡ್ರಿಲ್ ಮೇಷ್ಟ್ರು ನೂರುಲ್ಲಾ ಇದ್ದಾರೆ. ಅವರಿಗೆ ಇನ್ನೆರಡು ಶಾಲೆಗಳ ಹೊಣೆಯೂ ಇರುವುದರಿಂದ ವಾರಕ್ಕೆ ಎರಡು ದಿನ ಯಶವಂತಪುರದಿಂದ ಸೈಕಲ್ ತುಳಿದು ಬರುತ್ತಾರೆ. ಉಳಿದ ದಿನಗಳ ಮಾತು ಎತ್ತಿದರೆ ಅವರೇ ನಗುತ್ತಾರೆ.

"ಕಾಗದದ ಮೇಲೆ ಕೋಚ್ ನಾನೇ ಕಣ್ರೀ. ನಾನು ಬಂದು ಕೂಗ್ತೀನಿ. ಕೂಗಿದ್ರೆ ಹುಡ್ಗೀರು ಬೇಗ ಓಡ್ತಾರೆ. ಆದ್ರೆ ಚೆಂಡು ಇರೋ ಕಡೆ ಅಲ್ಲ, ನಾನು ಇಲ್ದೆ ಇರೋ ಕಡೆ."

ಮುನಿಯಲ್ಲಮ್ಮ ಆಟ ಕಲಿತದ್ದು ಹೆಬ್ಬಾಳದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಗಂಡ ಪಿಳ್ಳಪ್ಪ ತೀರಿಕೊಂಡ ಮೇಲೆ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಅಲ್ಲಿ ಮನೆಗೆಲಸಕ್ಕೆ ಸೇರಿದರು. ಸಂಜೆ ಅಧಿಕಾರಿಗಳ ಹೆಂಡತಿಯರು ಅಂಗಳದಲ್ಲಿ ಆಡುತ್ತಿದ್ದರು. ಪಾತ್ರೆ ತೊಳೆದು ಮುಗಿಸಿ ಇವರು ಆಚೆ ಹೋದ ಚೆಂಡು ಎತ್ತಿಕೊಡುತ್ತಿದ್ದರು. ಒಂದು ಸಂಜೆ ಒಬ್ಬರು ಬರಲಿಲ್ಲ, ಐವರಲ್ಲಿ ಒಬ್ಬರು ಕಡಿಮೆಯಾದರು.

"ಹಿಂದ್ಗಡೆ ನಿಂತ್ಕೊ, ಬಂದಿದ್ದನ್ನ ವಾಪಸ್ ಕಳ್ಸು ಅಂದ್ರು. ನಿಂತ್ಕೊಂಡೆ, ಕಳ್ಸಿದೆ. ಒಂಬತ್ತು ವರ್ಷ ಕಳ್ಸಿದೆ. ನಂಗೆ ಗೊತ್ತಿರೋ ಆಟ ಅಷ್ಟೇ ಸ್ವಾಮಿ. ಅದ್ನೇ ಈ ಮಕ್ಳಿಗೂ ಯೋಳ್ಕೊಡೋದು."

ಹನ್ನೊಂದು ವರ್ಷದ ಹಿಂದೆ ಈ ಶಾಲೆ ಶುರುವಾದಾಗ ಆಯಾ ಆಗಿ ಬಂದರು. ಹಿಂದಿನ ಬಯಲು ಖಾಲಿ ಬಿದ್ದಿತ್ತು. ಮುಳ್ಳು ಕಿತ್ತು ಗೆರೆ ಎಳೆದವರು ಇವರೇ. ಐದು ರ‍್ಯಾಕೆಟ್ ತರಿಸಿದವರು ಆಗಿನ ಹೆಡ್‌ಮಿಸ್ಟ್ರೆಸ್. ಹುಡುಗಿಯರು ಅಮೃತಹಳ್ಳಿ, ಅಲ್ಲಾಳಸಂದ್ರ, ಹೆಬ್ಬಾಳದ ರೈತರ ಮನೆಗಳಿಂದ ಬರುವವರು. ಬುಟ್ಟಿ ಹೊತ್ತು, ನೀರು ಸೇದಿ ಗಟ್ಟಿಯಾದ ಕೈಗಳು. ಚೆಂಡು ಆ ಕೈಗಳಿಗೆ ಬೇಗ ಒಗ್ಗಿತು. ಒಗ್ಗದೆ ಉಳಿದದ್ದು ಬೇರೆ.

ಪ್ರತಿವರ್ಷ ಸಂಕ್ರಾಂತಿ ಕಳೆದ ಮೇಲೆ ಯಶವಂತಪುರದ ಮೈದಾನದಲ್ಲಿ ಹೆಣ್ಣುಮಕ್ಕಳ ಶಾಲೆಗಳ ಪಂದ್ಯಗಳು ನಡೆಯುತ್ತವೆ. ಊರು ಬಿಟ್ಟು ಮಕ್ಕಳನ್ನು ಕಳಿಸಲು ಹಳ್ಳಿಯ ತಂದೆತಾಯಂದಿರು ಒಪ್ಪುವುದು ಒಂದೇ ಕರಾರಿನ ಮೇಲೆ: ಜೊತೆಗೆ ಮುನಿಯಲ್ಲಮ್ಮ ಹೋಗಬೇಕು. ಹಾಗಾಗಿ ಅವರು ಮೈದಾನಕ್ಕೆ ಹೋಗುವುದು ಕಾವಲಿನ ಹೆಂಗಸಾಗಿ, ಕೊಡದ ಜೊತೆ.

ಅರವತ್ತೆರಡನೆಯ ಇಸವಿಯ ಪಂದ್ಯದಲ್ಲಿ ಮೂರನೆಯ ಗೇಮು ನಡೆಯುತ್ತಿತ್ತು. ಇವರ ತಂಡ ಇಪ್ಪತ್ತನಾಲ್ಕು, ಎದುರಿನ ಪೇಟೆ ಶಾಲೆಯ ತಂಡ ಹದಿನೈದು. ಇನ್ನು ಐದೇ ಪಾಯಿಂಟು. ಆಗ ಸೊಣ್ಣಮ್ಮ ಕಾಲು ಜಾರಿ ಬಿದ್ದಳು. ಎದ್ದು ನಿಂತಳು, ಏನೂ ಪೆಟ್ಟಾಗಿರಲಿಲ್ಲ. ಆದರೆ ಅಲ್ಲಿಂದಾಚೆ ಐವರೂ ಆಟ ಮರೆತವರ ಹಾಗೆ ಆಡಿದರು. ಒಬ್ಬರ ಚೆಂಡಿಗೆ ಇಬ್ಬರು ಓಡಿದರು, ಇಬ್ಬರ ನಡುವಿನ ಚೆಂಡಿಗೆ ಯಾರೂ ಓಡಲಿಲ್ಲ. ಇಪ್ಪತ್ತೊಂಬತ್ತು, ಇಪ್ಪತ್ತೈದು. ಸೋತರು.

ವಾಪಸು ಬರುವಾಗ ಬಸ್ಸಿನಲ್ಲಿ ಸೊಣ್ಣಮ್ಮ ಹೇಳಿದ ಮಾತು ಮುನಿಯಲ್ಲಮ್ಮನವರಿಗೆ ಅಕ್ಷರಶಃ ನೆನಪಿದೆ.

"ನಾನು ಬಿದ್ದಾಗ ನೀವು ಸೆರಗು ಬಾಯಿಗಿಟ್ಕೊಂಡ್ರಲ್ಲ ಆಯಮ್ಮ. ಆಗ್ಲೇ ಮುಗೀತು ಅನ್ನಿಸ್ತು."

ತಾನು ಹಾಗೆ ಮಾಡಿದ್ದೇ ಅವರಿಗೆ ಗೊತ್ತಿರಲಿಲ್ಲ.

ಪೇಟೆಯವರಿಗೆ ಇದು ದೊಡ್ಡ ವಿಷಯವಾಗಿ ಕಾಣದಿರಬಹುದು. ಈ ಹಳ್ಳಿಗಳಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಸುದ್ದಿ ಇಲ್ಲಿ ಬಾಯಿಂದ ಬರುವುದಕ್ಕೆ ಮುಂಚೆ ಸೆರಗಿನಿಂದ ಬರುತ್ತದೆ. ಹೆಂಗಸು ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಸುಮ್ಮನೆ ನಿಂತಳೆಂದರೆ ಯಾವುದೋ ಮನೆಯಲ್ಲಿ ಕೇಡು ಆಗಿದೆ, ಇನ್ನು ಮಾಡುವುದಕ್ಕೇನೂ ಉಳಿದಿಲ್ಲ. ಪಂದ್ಯದ ಆ ಹೊತ್ತಿನಲ್ಲಿ ಐವರು ಹುಡುಗಿಯರು ಎದುರಾಳಿಯನ್ನು ನೋಡಲಿಲ್ಲ, ಅಂಕದ ಹಲಗೆಯನ್ನೂ ನೋಡಲಿಲ್ಲ. ತಮ್ಮ ಮನೆಗಳಲ್ಲಿ ಕಲಿತ ಒಂದು ಗುರುತನ್ನು ಓದಿಕೊಂಡರು.

ಪಿಳ್ಳಪ್ಪ ಕಲ್ಲು ಗಣಿಯಲ್ಲಿ ಬಂಡೆ ಜಾರಿ ಸತ್ತ ದಿನದ ಬಗ್ಗೆ ಮುನಿಯಲ್ಲಮ್ಮ ಹೆಚ್ಚು ಮಾತಾಡುವುದಿಲ್ಲ. ಸುಣ್ಣದ ಡಬ್ಬಿಯ ಮುಚ್ಚಳ ತಿರುಗಿಸುತ್ತ ಇಷ್ಟು ಹೇಳುತ್ತಾರೆ:

"ಬುತ್ತಿ ತಕ್ಕೊಂಡು ಓಗ್ತಿದ್ದೆ. ಏರಿ ಮ್ಯಾಲೆ ನಾಕು ಜನ ಹೆಂಗಸ್ರು ನಿಂತಿದ್ರು, ಸೆರಗು ಬಾಯಿಗೆ. ಒಬ್ರೂ ಬಾಯಿ ಬಿಡ್ಲಿಲ್ಲ. ನಾನೂ ಕೇಳ್ಲಿಲ್ಲ. ಬುತ್ತಿ ಕೆಳಗಿಟ್ಟೆ." ಮುಚ್ಚಳ ಬಿಗಿದು, "ಅದ್ನೇ ಈ ಮಕ್ಳಿಗೂ ತೋರುಸ್ಬುಟ್ನಲ್ಲ ಅಂತ. ಬಸ್ನಾಗೆ ಅದೇ ಯೋಚ್ನೆ."

ಮುಂದಿನ ವರ್ಷವಿಡೀ ಅವರು ತಮ್ಮ ಕೈಯ ಜೊತೆ ಜಗಳವಾಡಿದರು. ಸೆರಗನ್ನು ಸೊಂಟಕ್ಕೆ ಬಿಗಿದರೆ ಕೈ ಗಲ್ಲಕ್ಕೆ ಹೋಗುತ್ತಿತ್ತು. ಎರಡೂ ಕೈಯಲ್ಲಿ ನೀರಿನ ಚೊಂಬು ಹಿಡಿದು ಕೂತರೆ ನೀರು ನಡುಗುತ್ತಿತ್ತು, ಹುಡುಗಿಯರು ನೀರನ್ನು ನೋಡುತ್ತಿದ್ದರು. ಕೊನೆಗೆ ಅರವತ್ತಮೂರರ ಪಂದ್ಯದಲ್ಲಿ ಅವರು ಅಂಗಳಕ್ಕೆ ಬೆನ್ನು ಹಾಕಿ ಕೂತುಬಿಟ್ಟರು. ಮುಖವೇ ಕಾಣದಿದ್ದರೆ ಭಯವೂ ಕಾಣುವುದಿಲ್ಲ ಎಂಬುದು ಅವರ ಲೆಕ್ಕ. ನೋಡಿದವರು ನಕ್ಕರು. ಹೆಡ್‌ಮಿಸ್ಟ್ರೆಸ್ ಕರೆದು, "ಇದೇನು ಮುನಿಯಲ್ಲಮ್ಮ, ಮಕ್ಕಳಿಗೆ ಅವಮಾನ ಮಾಡಿದ ಹಾಗಲ್ಲವೇ?" ಎಂದು ಕೇಳಿದರು. ಮೂರನೆಯ ಗೇಮು ಇಪ್ಪತ್ತೊಂಬತ್ತು, ಇಪ್ಪತ್ತೆರಡು. ಮತ್ತೆ ಮೊದಲ ಸುತ್ತಿನಲ್ಲೇ ಸೋಲು.

ಗೌರಮ್ಮ ಹತ್ತನೆಯ ತರಗತಿಯವಳು, ಮಾತು ಕಡಿಮೆ. ಆ ಸೋಲನ್ನು ಅವಳು ವಿವರಿಸಿದಷ್ಟು ಚೆನ್ನಾಗಿ ಯಾರೂ ವಿವರಿಸಿಲ್ಲ.

"ಮುಖ ಕಾಣ್ದೆ ಇದ್ದಿದ್ದು ಇನ್ನೂ ಕಷ್ಟ ಆಯ್ತು ಸಾರ್. ಈಗ ಹೆಂಗಿರ್ಬೋದು ಮುಖ, ಅಳ್ತಿದಾರೋ ಏನೋ ಅಂತ ಐದು ಜನಾನೂ ಒಂದೊಂದು ಥರ ಅಂದ್ಕೊಂಡ್ವಿ. ಬೆನ್ನು ಸ್ವಲ್ಪ ಅಲ್ಲಾಡಿದ್ರೂ ಚೆಂಡು ಬಿಟ್ಟು ಅದ್ನೇ ನೋಡ್ತಿದ್ವಿ."

ನಮ್ಮ ಮೈದಾನಗಳಲ್ಲಿ ಸೋಲಿಗೆ ಕಾರಣ ಹುಡುಕುವಾಗ ನಾವು ಕಾಲು, ಕೈ, ಗಾಳಿ, ಅಂಪೈರು ಎಂದು ಎಣಿಸುತ್ತೇವೆ. ಗೆರೆಯ ಹೊರಗೆ ಕೂತವರ ಮುಖವನ್ನು ಎಣಿಸುವುದಿಲ್ಲ. ಆಡುವವರಿಗೆ ಮಾತ್ರ ಅದು ಅಂಕದ ಹಲಗೆಗಿಂತ ದೊಡ್ಡದಾಗಿ ಕಾಣುತ್ತದೆ. ಕೂಗುವ ಮುಖವೂ ಒಂದು ಸುದ್ದಿ, ಕಲ್ಲಾದ ಮುಖವೂ ಒಂದು ಸುದ್ದಿ, ಬೆನ್ನೂ ಒಂದು ಸುದ್ದಿ. ಏನೂ ಹೇಳದಿರುವ ದಾರಿ ಕೋಚ್ ಆದವರಿಗೆ ಇಲ್ಲ. ಎರಡು ಪಂದ್ಯ ಸೋತು ಮುನಿಯಲ್ಲಮ್ಮ ಕಂಡುಕೊಂಡದ್ದು ಇದನ್ನು.

ಅರವತ್ತಮೂರರ ಸೋಲಿನ ಮೇಲೆ ಹೆಡ್‌ಮಿಸ್ಟ್ರೆಸ್ ಒಂದು ತೀರ್ಮಾನ ಹೇಳಿದರು. ಇನ್ನೊಂದೇ ಅವಕಾಶ. ಬರುವ ವರ್ಷವೂ ಮೊದಲ ಸುತ್ತು ದಾಟದಿದ್ದರೆ ತಂಡ ಇರುವುದಿಲ್ಲ, ಆಟದ ಪೀರಿಯಡ್ಡು ಹೊಲಿಗೆಗೆ ಹೋಗುತ್ತದೆ. ಹೆಡ್‌ಮಿಸ್ಟ್ರೆಸ್ ಕೆಟ್ಟವರಲ್ಲ. ಹೊಲಿಗೆ ಕಲಿತ ಹುಡುಗಿಗೆ ಮುಂದೆ ಒಂದು ದಾರಿಯಿದೆ, ಚೆಂಡು ಹೊಡೆಯುವವಳಿಗೆ ಏನಿದೆ ಎಂಬ ಅವರ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಗಂಟೆ, ಪೊರಕೆ, ನೀರು ಇವುಗಳ ನಡುವೆ ತನಗೆ ಇದ್ದದ್ದು ಬೆಳಗಿನ ಈ ಎರಡು ಗಂಟೆ, ಅದೂ ಹೋದರೆ ಏನು ಮಾಡುವುದು ಎಂಬುದು ಮುನಿಯಲ್ಲಮ್ಮನವರ ಚಿಂತೆಯಾಗಿತ್ತು.

ದಾರಿ ತೋರಿಸಿದ್ದು ಒಂದು ಎಮ್ಮೆ. ಮುನಿಯಲ್ಲಮ್ಮ ಬಳ್ಳಾರಿ ರಸ್ತೆಯ ಮಗ್ಗುಲಿನ ಬೇಲಿಗೆ ತಮ್ಮ ಹೊಸ ಎಮ್ಮೆಯನ್ನು ಕಟ್ಟುತ್ತಿದ್ದರು.

"ಮೊದ್ಲು ಲಾರಿ ಆರನ್ ಹೊಡುದ್ರೆ ಹಗ್ಗ ಕಿತ್ಕೊಂಡು ಓಡೋದು. ಅಲ್ಲೇ ಕಟ್ದೆ, ದಿನಾ ಕಟ್ದೆ. ಮೂರು ತಿಂಗ್ಳಿಗೆ ಕಿವೀನೂ ಅಲ್ಲಾಡುಸ್ತಿರ್ಲಿಲ್ಲ. ಲಾರಿ ನಿಲ್ಸಾಕೆ ನಮ್ಮ ಕೈಲಾಯ್ತದಾ? ಇಂಗೇ ಈ ಮಕ್ಳಿಗೂ ಅಂದ್ಕೊಂಡೆ. ನನ್ನ ಕೈ ನಿಲ್ಲಾಕಿಲ್ಲ. ಸರಿ, ಅವ್ರಿಗೆ ಅಭ್ಯಾಸ ಆಗ್ಲಿ."

"ನಮ್ಮನ್ನ ಎಮ್ಮೆ ಅಂದ್ರು ಸಾರ್, ಬರ್ಕೊಳಿ," ಸೊಣ್ಣಮ್ಮ ನೆಟ್ಟಿನ ಆಚೆಯಿಂದ ಹೇಳುತ್ತಾಳೆ.

"ಎಮ್ಮೆ ವಾಸಿ ಕಣೇ, ಹಾಲಾದ್ರೂ ಕೊಡ್ತದೆ. ನೀನೇನ್ ಕೊಡ್ತೀಯ?"

ಹಾಗೆ ಶುರುವಾಯಿತು ಸೆರಗಿನ ತಾಲೀಮು. ಕಳೆದ ಜೂನಿನಿಂದ ಪ್ರತಿ ಬೆಳಿಗ್ಗೆ ಮುನಿಯಲ್ಲಮ್ಮ ಕಾರಣವಿದ್ದರೂ ಇಲ್ಲದಿದ್ದರೂ ಸೆರಗು ಬಾಯಿಗೆ ಒತ್ತಿಕೊಳ್ಳತೊಡಗಿದರು. ಪಾಯಿಂಟು ಸೋತಾಗ, ಗೆದ್ದಾಗ, ನೆಟ್ಟು ಕಟ್ಟುವಾಗ, ಸುಮ್ಮನೆ ಕಾಗೆ ಹಾರಿದಾಗ. ಮೊದಲ ವಾರ ಹುಡುಗಿಯರು ಬೆಚ್ಚಿ ಚೆಂಡು ಬಿಡುತ್ತಿದ್ದರು. ಎರಡನೆಯ ತಿಂಗಳಿಗೆ ಬೇಸರ ಬಂತು. ನಾಲ್ಕನೆಯ ತಿಂಗಳಿಗೆ ಅವರೇ ದಾವಣಿ ತುದಿಯನ್ನು ಬಾಯಿಗಿಟ್ಟುಕೊಂಡು ಆಯಮ್ಮನನ್ನು ಅಣಕಿಸತೊಡಗಿದರು. ಒಂದು ದಿನ ನೂರುಲ್ಲಾ ಮೇಷ್ಟ್ರು ಸೈಕಲ್ ಇಳಿದಾಗ ಐವರೂ ಒಟ್ಟಿಗೆ ದಾವಣಿ ಬಾಯಿಗೆ ಒತ್ತಿ ಅವರನ್ನೇ ನೋಡುತ್ತ ನಿಂತರು.

"ನಮ್ಮ ಮನೇಲಿ ಏನಾದ್ರೂ ಆಗೋಯ್ತೇನೋ ಅಂದ್ಕೊಂಡ್ಬಿಟ್ಟೆ ಕಣ್ರೀ," ಎನ್ನುತ್ತಾರೆ ಮೇಷ್ಟ್ರು. "ಆವತ್ತು ನಂಗೆ ಅರ್ಥ ಆಯ್ತು. ನಾನೂ ಕೂಗೋದು ಕಮ್ಮಿ ಮಾಡ್ದೆ. ಪೂರ್ತಿ ಬಿಟ್ಟೆ ಅಂತ ಬರೀಬೇಡಿ, ಅದು ಸುಳ್ಳಾಗುತ್ತೆ."

ಈ ವರ್ಷದ ಪಂದ್ಯ ಜನವರಿ ಹತ್ತೊಂಬತ್ತರ ಭಾನುವಾರ ನಡೆಯಿತು. ಎದುರಿಗೆ ಯಲಹಂಕದ ಕಡೆಯ ಗಟ್ಟಿ ತಂಡ. ಮೊದಲ ಗೇಮು ಅವರದು, ಎರಡನೆಯದು ಇವರದು. ಮೂರನೆಯದರಲ್ಲಿ ಎದುರಿನವರು ಇಪ್ಪತ್ತಾರು, ಇವರು ಹತ್ತೊಂಬತ್ತು. ಮೂರು ಪಾಯಿಂಟು ಹೋದರೆ ಪಂದ್ಯ ಹೋಯಿತು, ತಂಡವೂ ಹೋಯಿತು. ಗೌರಮ್ಮ ಹೊಡೆದ ಚೆಂಡು ನೆಟ್ಟಿಗೆ ತಗುಲಿ ತಮ್ಮ ಕಡೆಗೇ ಬಿತ್ತು. ಗೆರೆಯ ಹೊರಗೆ, ಈ ಸಲ ಅಂಗಳಕ್ಕೆ ಮುಖ ಮಾಡಿಯೇ ಕೂತಿದ್ದ ಮುನಿಯಲ್ಲಮ್ಮನವರ ಸೆರಗು ಬಾಯಿಗೆ ಹೋಯಿತು.

ಅದು ತಾಲೀಮಿನ ಸೆರಗಲ್ಲ. ಅವರಿಗೂ ಗೊತ್ತಿತ್ತು, ಹುಡುಗಿಯರಿಗೂ ಗೊತ್ತಾಯಿತು. ಏಳು ತಿಂಗಳು ಸುಳ್ಳು ಸೆರಗನ್ನು ನೋಡಿದ ಕಣ್ಣಿಗೆ ನಿಜದ ಸೆರಗು ಬೇರೆಯಾಗಿ ಕಂಡಿತು. ಲೆಕ್ಕದಂತೆ ನೋಡಿದರೆ ಇಲ್ಲಿಗೆ ಎಲ್ಲವೂ ಮುಗಿಯಬೇಕಿತ್ತು. ಅಭ್ಯಾಸದಿಂದ ಭಯ ಸತ್ತಿತು, ಆದ್ದರಿಂದ ಗೆದ್ದರು ಎಂದು ಬರೆಯುವುದು ಸುಲಭ. ಗೌರಮ್ಮ ಹಾಗೆ ಹೇಳುವುದಿಲ್ಲ.

"ಇದು ನಿಜವಾದ್ದು ಅಂತ ಗೊತ್ತಾಯ್ತು. ನಂಗೂ ಭಯ ಆಯ್ತು. ಆದ್ರೆ ಆಯಮ್ಮ ತಿರುಗಿ ಕೂರ್ಲಿಲ್ಲ. ಎದ್ದೂ ಹೋಗ್ಲಿಲ್ಲ. ಭಯ ಪಟ್ಕೊಂಡೇ ನಮ್ಮನ್ನ ನೋಡ್ತಾ ಕೂತಿದ್ರು. ಸರಿ, ಭಯ ಪಟ್ಕೊಂಡೇ ಆಡ್ಬೋದಲ್ಲ ಅನ್ನಿಸ್ತು."

ಸೊಣ್ಣಮ್ಮ ಮಾಡಿದ್ದು ಬೇರೆ. ಮುಂದಿನ ಚೆಂಡಿಗೆ ನಿಲ್ಲುವ ಮುಂಚೆ ಆಯಮ್ಮನ ಕಡೆ ತಿರುಗಿ ತನ್ನ ದಾವಣಿ ತುದಿಯನ್ನು ಬಾಯಿಗೆ ಒತ್ತಿ ಕಣ್ಣು ಅಗಲ ಮಾಡಿದಳು. ಮುನಿಯಲ್ಲಮ್ಮನವರ ಭುಜ ಸೆರಗಿನ ಹಿಂದೆ ಕುಲುಕಿತು. ಅದು ನಗುವೋ ಅಳುವೋ ಎಂದು ಕೇಳಿದರೆ ಅವರು, "ಎಲ್ಡೂ ಇತ್ತು. ಯಾವ್ದು ಎಷ್ಟು ಅಂತ ಯಾರಿಗೆ ಗೊತ್ತು," ಎನ್ನುತ್ತಾರೆ.

ಆಮೇಲೆ ನಡೆದದ್ದು ಸಾಹಸವಲ್ಲ. ಬಂದ ಚೆಂಡನ್ನು ವಾಪಸು ಕಳಿಸಿದರು. ಮತ್ತೆ ಬಂತು, ಮತ್ತೆ ಕಳಿಸಿದರು. ಇಬ್ಬರ ನಡುವೆ ಬಿದ್ದ ಚೆಂಡಿಗೆ ಒಬ್ಬಳೇ ಓಡಿದಳು, ಇನ್ನೊಬ್ಬಳು ಜಾಗ ಬಿಟ್ಟಳು. ಬೇಸತ್ತವರು ಎದುರಿನವರು. ಇಪ್ಪತ್ತೊಂಬತ್ತು, ಇಪ್ಪತ್ತೇಳು. ತಂಡ ಉಳಿಯಿತು.

ಮರುದಿನ ಎರಡನೆಯ ಸುತ್ತಿನಲ್ಲಿ ಎರಡೇ ಗೇಮಿಗೆ ಸೋತರು. ಅದನ್ನು ಹೇಳುವಾಗ ಮುನಿಯಲ್ಲಮ್ಮ ದನಿ ತಗ್ಗಿಸುವುದಿಲ್ಲ. ಅವರಿಗೆ ಮೊದಲ ದಿನದ ಗೆಲುವಿಗಿಂತ ಎರಡನೆಯ ದಿನದ ಬಸ್ಸು ಹೆಚ್ಚು ನೆನಪಿದೆ. ಹಿಂದೆಲ್ಲ ಸೋತು ಬರುವಾಗ ಐವರು ಐದು ಕಿಟಕಿಗೆ ಮುಖ ಹಾಕಿ ಕೂರುತ್ತಿದ್ದರಂತೆ. ಈ ಸಲ ಯಶವಂತಪುರದಿಂದ ಹೆಬ್ಬಾಳದವರೆಗೂ ಜಗಳ. ಹನ್ನೆರಡನೆಯ ಪಾಯಿಂಟಿನ ಚೆಂಡು ಯಾರದು, ಯಾಕೆ ಬಿಟ್ಟೆ, ನೀನ್ಯಾಕೆ ಅಡ್ಡ ಬಂದೆ. ಕಂಡಕ್ಟರು ಎರಡು ಸಲ ಗದರಿದ. "ಸೋತ್ಮೇಲೆ ಆಟದ ಮಾತಾಡಿದ್ದು ಅದೇ ಮೊದ್ಲು," ಎನ್ನುತ್ತಾರೆ ಅವರು. "ನಾನು ಸುಮ್ಕೆ ಕೇಳುಸ್ಕೊಂಡು ಕೂತಿದ್ದೆ."

ಹೆಡ್‌ಮಿಸ್ಟ್ರೆಸ್ ಮಾತಿಗೆ ತಪ್ಪಲಿಲ್ಲ. ಆಟದ ಪೀರಿಯಡ್ಡು ಆಟಕ್ಕೇ ಉಳಿದಿದೆ. ಪಂದ್ಯದ ಅರ್ಜಿಯಲ್ಲಿ ಕೋಚ್ ಎಂದು ಮುನಿಯಲ್ಲಮ್ಮನವರ ಹೆಸರು ಸೇರಿಸಬೇಕೆಂದು ನೂರುಲ್ಲಾ ಮೇಷ್ಟ್ರು ಕೇಳಿ ನೋಡಿದರು. ಆಯಾಗೆ ಆ ಜಾಗದಲ್ಲಿ ಹೆಸರು ಬರೆಯುವ ಪದ್ಧತಿ ಇಲ್ಲವೆಂಬ ಉತ್ತರ ಬಂತು. ಮುನಿಯಲ್ಲಮ್ಮನವರನ್ನು ಕೇಳಿದರೆ, ಬರೆದರೂ ತನಗೆ ಓದಲು ಬರುವುದಿಲ್ಲ ಎಂದು ಸುಣ್ಣದ ಕೈ ಒರೆಸಿಕೊಳ್ಳುತ್ತಾರೆ.

ಈಗ ಅವರ ಯೋಚನೆ ಬೇರೆ. ಗೌರಮ್ಮ, ಸೊಣ್ಣಮ್ಮ ಸೇರಿ ಮೂವರು ಈ ಮಾರ್ಚಿಗೆ ಶಾಲೆ ಬಿಡುತ್ತಾರೆ. ಹೊಸಬರು ಬೇಕು. ಎಂಟನೆಯ ತರಗತಿಯ ಒಬ್ಬ ಹುಡುಗಿಯ ಮೇಲೆ ಅವರ ಕಣ್ಣಿದೆ, ಆದರೆ ಉಳಿದವರು ಬೇಡವೆನ್ನುತ್ತಿದ್ದಾರೆ.

"ಕೈ ಬಲು ಚೆನ್ನಾಗೈತೆ ಸ್ವಾಮಿ. ಆದ್ರೆ ಒಂದು ಚೆಂಡು ತಪ್ಪಿದ್ರೆ ಸಾಕು, ಅಳ್ತಾಳೆ. ಅದಕ್ಕೇ ಇವ್ರು ಬ್ಯಾಡ ಅಂತವ್ರೆ." ಮೊದಲ ಗಂಟೆಗೆ ಹೊತ್ತಾಗಿದೆ. ಮುನಿಯಲ್ಲಮ್ಮ ಎದ್ದು ಸೀರೆ ಕೊಡವಿಕೊಳ್ಳುತ್ತಾರೆ. "ನಾನು ಅವ್ಳನ್ನೇ ತಗೊಳ್ಳೋದು. ಅಳೋದು ಬಿಡ್ಸಾಕೆ ಓಗಾಕಿಲ್ಲ. ಅಳ್ತಾನೇ ಆಡು ಮಗಾ ಅಂತೀನಿ."